ಕುಳ್ಳಿನ ಸಾಲಿಗೆ ಗುರಿಯಿಟ್ಟ ಲೈಟು

ಹೆಂಡತಿ ದುರುಗವ್ವನನ್ನು ಮತ್ತೆ ತನ್ನ ಗಾಡಿಯಲ್ಲಿ ತವರಿಗೆ ಕರೆದೊಯ್ಯದಿದ್ದರೆ ಮೀಸೆ ಬೋಳಿಸಿಕೊಳ್ಳುತ್ತೇನೆಂದು ನವಲಿಯ ವಿರುಪಣ್ಣ ೧೯೮೪ರ ಸುಗ್ಗಿಯಲ್ಲಿ ಶಪಥ ಮಾಡಿದ. ಗಾಡಿಯೆಂದರೆ ಭತ್ತದ ಚೀಲ ಹೊತ್ತು ಹೊತ್ತು ಮುಪ್ಪಾದ ಪಿಕಪ್ಪು. ಅದರ ಮಬ್ಬು ಬೆಳಕಿನಲ್ಲಿ ಹಿಂದಿನ ವರ್ಷ ಅವನು ಕಾಲುವೆಯನ್ನೇ ರಸ್ತೆಯೆಂದು ನಂಬಿದ್ದ. ಮೊಣಕಾಲುದ್ದ ನೀರಿನಿಂದ ಎದ್ದು ಬಂದ ದುರುಗವ್ವ ಅಂದಿನಿಂದ ಬಸ್ಸನ್ನೇ ನಂಬಿದ್ದಳು. ಗಾಡಿಯಿದ್ದವನ ಹೆಂಡತಿ ಬಸ್ಸಿಗೆ ಕಾಯುವುದು ವಿರುಪಣ್ಣನಿಗೆ ನಿಜಕ್ಕೂ ಅವಮಾನವಾಗಿತ್ತು.

ಹೇಮಗುಡ್ಡದಲ್ಲಿ ಅವಳ ತಮ್ಮನ ಮಗುವಿಗೆ ತೊಟ್ಟಿಲ ಕಾರ್ಯ ಗೊತ್ತಾದದ್ದೇ ತಡ, ವಿರುಪಣ್ಣ ಗಂಗಾವತಿಯಲ್ಲಿ ಹೊಸ ಹೆಡ್‌ಲೈಟು ಹಾಕಿಸಿದ. ಭಾರ ಹೇರಿಕೊಂಡು ಬಂದರೆ ಬೆಳಕಿನ ಮಟ್ಟ ಸರಿಮಾಡಿಕೊಡುವೆನೆಂದ ಮೇಸ್ತ್ರಿ ಶಬ್ಬೀರಸಾಬ. ಅಷ್ಟಕ್ಕೂ ಮೇಸ್ತ್ರಿ ಬೇಕೆ! ವಿರುಪಣ್ಣ ಖಾಲಿ ಗಾಡಿಯನ್ನು ಮನೆಗೋಡೆಯ ಎದುರು ನಿಲ್ಲಿಸಿ, ಹೆಂಡತಿ ತಟ್ಟಿದ ಸಗಣಿ ಕುಳ್ಳಿನ ಸಾಲಿಗೆ ಗುರಿಯಿಟ್ಟು ತಾನೇ ತಿರುಪುಳಿ ಹಿಡಿದು ತಿರುಪು ಬಿಗಿದ. ಒಂದೊಂದು ಕುಳ್ಳೂ ಬೆಳ್ಳಿ ತಟ್ಟೆಯಂತೆ ಹೊಳೆಯಿತು. ನೋಡಿ ದುರುಗವ್ವ ಬರಲು ಒಪ್ಪಿದಳು.

ಹೊರಟ ದಿನ ಹಿಂದೆ ಅಕ್ಕಿ ಚೀಲ, ತೊಟ್ಟಿಲು, ಓಣಿಯ ಎಂಟು ಹೆಣ್ಣುಮಕ್ಕಳು, ಮುಂದೆ ದುರುಗವ್ವ. ಹೇಮಗುಡ್ಡ ಎರಡು ಮೈಲಿ ಇರುವಾಗ ಹೊತ್ತು ಮುಳುಗಿ ಕತ್ತಲಾಯಿತು. ವಿರುಪಣ್ಣ ಗಂಭೀರವಾಗಿ ಸ್ವಿಚ್ಚು ಒತ್ತಿದ. ಬೇವಿನ ಮರದ ತುದಿ ಬೆಳಗಿತು. ಆಗಷ್ಟೇ ಗೂಡು ಸೇರಿದ್ದ ಕಾಗೆಗಳು ಬೆಳಗಾಯಿತೆಂದು ಕೂಗಿದವು. ರಸ್ತೆ ಮಾತ್ರ ಕಾಣಲಿಲ್ಲ. ಹಿಂದಿನ ಭಾರಕ್ಕೆ ಗಾಡಿ ಮೂತಿ ಎತ್ತಿ ಆಕಾಶ ನೋಡುತ್ತಿತ್ತು. ಲೈಟು ತಗ್ಗಿಸೋಣವೆಂದರೆ ತಿರುಪುಳಿ ಮನೆಯ ಕುಳ್ಳಿನ ಬಳಿಯೇ ಉಳಿದಿತ್ತು.

ದುರುಗವ್ವ ಇಳಿದು, ಹಿಂದಿನವರನ್ನೂ ಇಳಿಸಿದಳು. ಒಬ್ಬೊಬ್ಬರು ಇಳಿದಂತೆ ಬೆಳಕೂ ಮರದಿಂದ ಇಳಿಯಿತು. ಎಂಟನೆಯವಳು ಇಳಿದಾಗ ನೆಟ್ಟಗೆ ರಸ್ತೆಗೆ ಬಿತ್ತು.

"ಸರಿ ಆತು ನೋಡು. ಹತ್ರಿ ಎಲ್ಲಾರೂ," ಎಂದ ವಿರುಪಣ್ಣ.

"ನಾವು ಗಾಡಿ ಹತ್ತಿದ್ರ, ಬೆಳಕು ಮತ್ತ ಮರ ಹತ್ತತೈತ್ರಿ," ಎಂದಳು ದುರುಗವ್ವ.

ಒಂಬತ್ತು ಮಂದಿ ಮುಂದೆ ಜೋಗುಳ ಹಾಡುತ್ತ ನಡೆದರು. ವಿರುಪಣ್ಣ ಅಕ್ಕಿಯನ್ನೂ ತೊಟ್ಟಿಲನ್ನೂ ಕೂರಿಸಿಕೊಂಡು ಹಿಂದೆ ತೆವಳಿದ. ಊರಬಾಗಿಲಲ್ಲಿ ದುರುಗವ್ವನ ತಮ್ಮ ಹುಲಿಗೆಪ್ಪ ಆ ಬೆಳಕಿಗೆ ಬೆರಗಾಗಿ ಕೇಳಿದ:

"ಮಾವನ ಹೊಸಾ ಲೈಟು ಹೆಂಗ ಅದಾವಬೇ ಅಕ್ಕಾ?"

"ಭಾಳ ಛಲೋ ಅದಾವಪಾ. ಎರಡು ಮೈಲಿ ನಡದ್ವಿ, ಒಬ್ರೂ ಎಡವಲಿಲ್ಲ."

ವಿರುಪಣ್ಣನ ಕೈ ತಾನಾಗಿಯೇ ಮೀಸೆಗೆ ಹೋಯಿತು.