ಮಾವ ಅಣುವಿಜ್ಞಾನಿಯಾದದ್ದು

ನಮ್ಮ ಸೋದರಮಾವ ಬದುಕಿನಲ್ಲಿ ಒಂದೇ ಒಂದು ತಪ್ಪನ್ನೂ ಮಾಡಿಲ್ಲ. ಬೇಕಾದರೆ ಅವರನ್ನೇ ಕೇಳಿ ನೋಡಿ! ಸಿದ್ಧಾರ್ಥನಗರದ ಈ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು ಇವತ್ತಿಗೂ ಕೆಂಪು ಪೆನ್ನು ಹಿಡಿದೇ ಪೇಪರ್ ಓದುತ್ತಾರೆ. ಮದುವೆ ಕರೆಯೋಲೆ ಬಂದರೂ ತಿದ್ದಿ, ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಿ, ತಂದವರ ಕೈಗೇ ವಾಪಸ್ ಕೊಡುತ್ತಾರೆ. ನನ್ನ ಮದುವೆಯದಕ್ಕೆ ಮೂರು ಸಿಕ್ಕಿತ್ತು. ಫೇಲು!

ಇಂಥವರು ಎಪ್ಪತ್ತರ ಹೊಸ್ತಿಲಲ್ಲಿ ನಾಟಕಕ್ಕೆ ಸೇರಿದರು ಅಂದರೆ ನಂಬುತ್ತೀರಾ? ನಾನು ನಮ್ಮೂರಿನ ಒಂದು ಹವ್ಯಾಸಿ ತಂಡದಲ್ಲಿ ಮಾತು ಮರೆತವರಿಗೆ ಮಾತು ಕೊಡುವವನು, ಪರದೆ ಎಳೆಯುವವನೂ ನಾನೇ. ಹೊಸ ನಾಟಕದಲ್ಲಿ ಇಬ್ಬರು ಭೌತವಿಜ್ಞಾನಿಗಳು, ಜೀವದ ಗೆಳೆಯರು. ಮಹಾಯುದ್ಧ ಅವರನ್ನು ಎದುರಾಳಿ ದೇಶಗಳಿಗೆ ಹಂಚುತ್ತದೆ. ಯುದ್ಧ ಮುಗಿದ ಮೇಲೆ, ಅಣುಬಾಂಬಿಗೆ ಲೆಕ್ಕ ಹಾಕಿಕೊಟ್ಟವನು ಇನ್ನೊಬ್ಬನ ಮನೆಗೆ ಬರುತ್ತಾನೆ. "ಯಾಕೆ ಬಂದೆ?" ಅಂದರೆ ಉತ್ತರ ಕೊಡದೆ ಎದ್ದು ಹೋಗುತ್ತಾನೆ. ಮನೆಯವನ ಪಾತ್ರಕ್ಕೆ ಅಶೋಕಪುರಂನ ಇನ್ನೊಬ್ಬ ನಿವೃತ್ತ ಮೇಷ್ಟ್ರು ಒಪ್ಪಿದ್ದಾರೆ ಅಂತ ಮಾವನ ಮುಂದೆ ಬಾಯಿಬಿಟ್ಟೆ ನೋಡಿ, ಮಾರನೇ ದಿನವೇ ಬಾಂಬಿನವನ ಪಾತ್ರ ತನಗೇ ಬೇಕು ಅಂತ ಮಾವ ತಾಲೀಮಿಗೆ ಹಾಜರು!

ಕಾರಣವಿತ್ತು. ಇಬ್ಬರೂ ಇಪ್ಪತ್ತು ವರ್ಷ ಒಂದೇ ಸ್ಟಾಫ್‌ರೂಮಿನಲ್ಲಿ ಒಂದೇ ಡಬ್ಬಿಯ ಚಿತ್ರಾನ್ನ ತಿಂದವರು. ಒಂದು ಸಲ ಪರೀಕ್ಷೆಯ ಪೇಪರ್ ತಿದ್ದುವಾಗ, ಉತ್ತರದ ಮುಂದೆ 'ಮೀಟರ್' ಅಂತ ಬರೆಯದ ಹುಡುಗಿಗೆ ಈ ಅಶೋಕಪುರಂ ಗೆಳೆಯರು ಅರ್ಧ ಅಂಕ ಕೊಟ್ಟುಬಿಟ್ಟರು, ಪಾಸಾಗಲಿ ಪಾಪ ಅಂತ. ಮೇಲ್ವಿಚಾರಕರಾಗಿದ್ದ ಮಾವ ಅದನ್ನು ಹೊಡೆದುಹಾಕಿದರು. ಅಲ್ಲಿಗೆ ಬಿಟ್ಟರೇ? ಅಷ್ಟೂ ಜನ ಮೇಷ್ಟ್ರುಗಳ ಮುಂದೆ, "ದಾನ ಮಾಡೋ ಚಟ ಇದ್ರೆ ಒಂದು ಛತ್ರ ಕಟ್ಟಿಸಿ" ಅಂದರು. ಅವತ್ತಿನಿಂದ ಹನ್ನೊಂದು ವರ್ಷ ಮಾತಿಲ್ಲ, ಕತೆಯಿಲ್ಲ.

ಮಾವನಿಗೆ ಬೇಕಾಗಿದ್ದದ್ದು ಇಷ್ಟೇ: ಗೆಳೆಯ ಮಾತಾಡಬೇಕು. ಆದರೆ ಮೊದಲು ತಾನು ಆಡಬಾರದು! ನಾಟಕದಲ್ಲಿ ಮೊದಲ ಮಾತು ಗೆಳೆಯನದೇ ತಾನೇ ಅಂತ ನನ್ನನ್ನು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ತಾಲೀಮು ನೋಡಬೇಕಿತ್ತು ನೀವು! "ಬಾ ಗೆಳೆಯ" ಅಂತ ತಬ್ಬಿಕೊಳ್ಳುವರು. ನಿರ್ದೇಶಕರು "ಸಾಕು" ಅಂದರೋ, ಒಬ್ಬರು ಪೂರ್ವಕ್ಕೆ, ಇನ್ನೊಬ್ಬರು ಪಶ್ಚಿಮಕ್ಕೆ. ಮಧ್ಯೆ ನಾನು ಪೋಸ್ಟ್‌ಮ್ಯಾನು.

"ಬೋರ್ಡ್ ಮೇಲೆ ಬರೆದಿರೋ ಸಮೀಕರಣ ತಪ್ಪು ಅಂತ ಅವರಿಗೆ ಹೇಳು ಕಣೋ," ಅಂತ ಮಾವ.

"ಹಿಂದೆ ಕೂತೋರಿಗೆ ಕಾಣಲ್ಲ ಅಂತ ನಿಮ್ಮ ಮಾವನಿಗೆ ಹೇಳಪ್ಪ," ಅಂತ ಗೆಳೆಯರು.

"ತಪ್ಪು ತಪ್ಪೇ. ಈ ಲೆಕ್ಕದಲ್ಲಿ ಬಾಂಬು ಸಿಡಿಯೋದೇ ಇಲ್ಲ ಅನ್ನು!"

"ಸಿಡೀದಿದ್ರೆ ಲೋಕಕ್ಕೇ ಒಳ್ಳೇದಲ್ವೇ ಅಂತ ಕೇಳು!"

ಮಾವ ಹೊರಗೆ ಹೋಗಿ ಎರಡು ಟೀ ಕುಡಿದು ಬಂದರು.

ಪ್ರದರ್ಶನದ ದಿನ ಹಾಲ್ ತುಂಬಿತ್ತು. ಮುಕ್ಕಾಲು ಪಾಲು ಇವರಿಬ್ಬರ ಹಳೇ ಶಿಷ್ಯರು ಮತ್ತು ಸಹೋದ್ಯೋಗಿಗಳು. ಕೊನೆಯ ದೃಶ್ಯದವರೆಗೆ ಎಲ್ಲ ಸುಸೂತ್ರ. ಗೆಳೆಯರು ಕೇಳಿದರು: "ಇಷ್ಟು ವರ್ಷ ಆದಮೇಲೆ ಯಾಕೆ ಬಂದೆ?"

ಈಗ ಮಾವ ಎದ್ದು ಹೋಗಬೇಕು. ಏಳಲಿಲ್ಲ. "ಹೊರಡಿ ಮಾವ, ಹೊರಡಿ" ಅಂತ ಪಕ್ಕದಿಂದ ಪಿಸುಗುಟ್ಟಿದೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಅವತ್ತು ಎಲ್ರ ಮುಂದೆ ಅಂದಿದ್ದೆ. ಇವತ್ತು ಎಲ್ರ ಮುಂದೇನೇ ಹೇಳ್ತೀನಿ. ನಿನ್ನ ನೋಯಿಸ್ಬುಟ್ಟೆ ಕಣಯ್ಯ. ಏನಾದ್ರೂ ಮಾತಾಡೋ."

ನಾಟಕದಲ್ಲಿ ಈ ಮಾತೇ ಇಲ್ಲ! ಜನ ಇದೂ ನಾಟಕವೇ ಅಂತ ಚಪ್ಪಾಳೆ ತಟ್ಟಿದರು. ಒಂದು ದಿನವೂ ಮಾತು ಮರೆಯದ ಆ ಗೆಳೆಯರು ಅವತ್ತು ಪಾತ್ರವನ್ನೇ ಮರೆತರು. ಆಮೇಲೆ ಮಾವನ ಎರಡೂ ಕೈ ಹಿಡಿದುಕೊಂಡು, ಮೆಲ್ಲಗೆ ಕೇಳಿದರು.

"ಊಟ ಆಯ್ತೇನೋ?"

"ಇಲ್ಲ," ಅಂದರು ಮಾವ, ಚಿಕ್ಕ ಮಗುವಿನ ಹಾಗೆ.

"ಪರದೆ, ಪರದೆ!" ಅಂತ ನಿರ್ದೇಶಕರು ಹಲ್ಲು ಕಡಿಯುತ್ತಿದ್ದರು. ಎಳೆಯೋಣವೆಂದು ಕೈ ಚಾಚಿದೆ. ಕಣ್ಣು ತುಂಬಿ, ನನಗೆ ಹಗ್ಗವೇ ಕಾಣಿಸಲಿಲ್ಲ.