ಸದ್ದು ಮಾಡದ ಸ್ಕೂಟರ್

ದೇವರ ಪೂಜೆ ಮಾಡುವವನು ಗಂಭೀರವಾಗಿರಬೇಕು ಎಂದು ನಮ್ಮ ತಂದೆ ಕಲಿಸಿದ್ದರು. ವಾಹನ ಪೂಜೆ ಮಾಡುವವನು ಹೇಗೆ ಗಂಭೀರವಾಗಿರಬೇಕು ಎಂದು ಮಾತ್ರ ಕಲಿಸಲಿಲ್ಲ. ಶಿವಮೊಗ್ಗದ ಕೋಟೆಯಲ್ಲಿರುವ ನಮ್ಮ ಪುಟ್ಟ ಗಣಪತಿ ಗುಡಿಯ ಮುಂದೆ ಆಗಾಗ ಹೊಸ ಗಾಡಿಗಳು ಬಂದು ನಿಲ್ಲುತ್ತವೆ. ಅವುಗಳ ಬೆನ್ನಿಗೇ ಏನಾದರೊಂದು ಫಜೀತಿಯೂ ಬರುತ್ತದೆ. ಹೋದ ವರ್ಷ ಅದು ನಮ್ಮ ಮನೆಗೇ ಬಂತು.

ಕೀಲಿ

ಗಾಡಿಯ ಕೀಲಿಯನ್ನು ದೇವರ ಪಾದದ ಬಳಿ ಇಟ್ಟು ಮಂಗಳಾರತಿ ಮಾಡುವುದು ನಮ್ಮಲ್ಲಿ ಕ್ರಮ. ಒಂದು ಶುಕ್ರವಾರ ಬ್ಯಾಂಕಿನ ನೌಕರರೊಬ್ಬರು ಹೊಸ ಎಲೆಕ್ಟ್ರಿಕ್ ಸ್ಕೂಟರ್ ತಂದರು. ಕೀಲಿ ಕೇಳಿದೆ.

"ಕೀ ಇಲ್ಲ ಸ್ವಾಮಿ. ಎಲ್ಲಾ ಫೋನಲ್ಲೇ."

"ಹಾಗಾದ್ರೆ ಫೋನೇ ಕೊಡಿ. ಚರ್ಮದ ಕವರ್ ತೆಗೆದು ಕೊಡಿ."

ಫೋನನ್ನು ತಟ್ಟೆಯಲ್ಲಿಟ್ಟು, ಅಕ್ಷತೆ ಹಾಕಿ, ಗರ್ಭಗುಡಿಯಲ್ಲಿ ಆರತಿ ಎತ್ತಿದೆ. ಅಷ್ಟರಲ್ಲಿ ಹೊರಗೆ ಸಿಟಿ ಬಸ್ ಬಂದು ದಾರಿ ಬಿಡಿ ಎಂದು ಹಾರ್ನ್ ಹೊಡೆಯಿತು. ಸ್ಕೂಟರಿಗೆ ಬೀಗ ಬಿದ್ದಿತ್ತು. ನಾಲ್ಕು ಜನ ಸೇರಿ ಅದನ್ನು ಪಕ್ಕಕ್ಕೆ ಎಳೆದರು. ಕಳ್ಳರು ಎಂದುಕೊಂಡಿತೋ ಏನೋ, ಸ್ಕೂಟರ್ ಊರಿಗೆಲ್ಲ ಕೇಳುವಂತೆ ಕಿರುಚತೊಡಗಿತು.

"ಸ್ವಾಮಿ, ಫೋನ್ ಕೊಡಿ, ಫೋನ್!" ಎಂದು ಬ್ಯಾಂಕಿನವರು ಬಾಗಿಲಲ್ಲಿ ನಿಂತು ಕೂಗಿದರು. ಆರತಿ ಹಿಡಿದವನು ಹೇಗೆ ಬರಲಿ? ಮಂತ್ರ ಮುಗಿಯುವವರೆಗೂ ಸ್ಕೂಟರ್ ಕಿರುಚುತ್ತಲೇ ಇತ್ತು, ಬಸ್ಸೂ ಹಾರ್ನ್ ಹೊಡೆಯುತ್ತಲೇ ಇತ್ತು. ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದ ಅಜ್ಜಿಯೊಬ್ಬರು ಆರತಿ ತೆಗೆದುಕೊಳ್ಳುತ್ತಾ, "ಇವತ್ತು ವಾದ್ಯ ಚೆನ್ನಾಗಿ ಮಾಡ್ಸಿದ್ರಿ," ಎಂದರು.

ಹಳೆಯ ಗಾಡಿ

ಇಂಥವನ್ನು ನೋಡಿ ನೋಡಿ ನನಗೆ ನನ್ನ ಹಳೆಯ ಸ್ಕೂಟರಿನ ಮೇಲೆ ಇನ್ನಷ್ಟು ಅಭಿಮಾನ ಬೆಳೆಯಿತು. ಎಡಕ್ಕೆ ಬಗ್ಗಿಸಿ, ಸ್ವಲ್ಪ ಹೊತ್ತು ಹಾಗೇ ಬಿಟ್ಟು, ಆಮೇಲೆ ಕಿಕ್ ಹೊಡೆದರೆ ಅದು ಹೊರಡುತ್ತಿತ್ತು. ಹೊರಟರೆ ಬೀದಿಯ ಆ ತುದಿಗೂ ಗೊತ್ತಾಗುತ್ತಿತ್ತು.

ಪ್ರತಿ ಭಾನುವಾರ ನಾನೂ ನನ್ನ ಹೆಂಡತಿಯೂ ಅದರಲ್ಲೇ ಭದ್ರಾವತಿಗೆ ಹೋಗುತ್ತಿದ್ದೆವು. ಕಾಗದನಗರದ ಕ್ವಾರ್ಟರ್ಸಿನಲ್ಲಿ ಅವಳ ಅಕ್ಕ ಇದ್ದಾರೆ. ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ, ಕಾರ್ಖಾನೆಯಿಂದ ನಿವೃತ್ತನಾದವನು. ಸುತ್ತಲಿನ ಮನೆಗಳು ಎಷ್ಟೋ ಖಾಲಿಯಾಗಿರುವುದರಿಂದ ಅಲ್ಲಿ ಸದ್ದು ಬಹಳ ದೂರ ಕೇಳುತ್ತದೆ. ನಮ್ಮ ಸ್ಕೂಟರ್ ತಿರುವಿಗೆ ಬಂದದ್ದು ಕೇಳಿದರೆ ಅಕ್ಕ ಕಾಫಿಗೆ ಹಾಲಿಡುತ್ತಿದ್ದರು.

ಒಂದು ಭಾನುವಾರ ದಾರಿಯಲ್ಲಿ ಗಾಡಿ ನಿಂತಿತು. ಹೆಂಡತಿ ಮಂಡಿ ಹಿಡಿದುಕೊಂಡು ಕೆಳಗಿಳಿದಳು. ನಾನು ಕಿಕ್ ಹೊಡೆದೆ, ಹೊರಟಿತು. ಹಿಂದೆ ಭಾರ ಬಿದ್ದಂತಾಯಿತು, ಅವಳೇ ಎಂದುಕೊಂಡು ಗಾಡಿ ಬಿಟ್ಟೆ. ಅವಳು ತನ್ನ ಚೀಲವನ್ನು ಮೊದಲು ಸೀಟಿನ ಮೇಲಿಟ್ಟಿದ್ದಳು. ದಾರಿಯುದ್ದಕ್ಕೂ ಗಾಡಿಯ ಗುಣಗಾನ ಮಾಡಿದೆ. "ಈಗಿನ ಗಾಡಿಗಳಿಗೆ ಈ ತಾಕತ್ತು ಎಲ್ಲಿದೆ ಹೇಳು?" ಎಂದೆ. ಅವಳು ಎದುರು ಮಾತಾಡಲಿಲ್ಲ. ಕೊನೆಗೂ ಒಪ್ಪಿದಳಲ್ಲ ಎಂದು ಸಂತೋಷವಾಯಿತು.

ಕಾಗದನಗರದಲ್ಲಿ ಅಕ್ಕ ಬಾಗಿಲಿಗೆ ಬಂದು, "ಅವಳೆಲ್ಲಿ?" ಎಂದರು. ತಿರುಗಿ ನೋಡಿದರೆ ಚೀಲ ಕೂತಿತ್ತು.

ಅವಳು ಬಸ್ ಹತ್ತಿ ಬಂದಳು. ಬಸ್ಸೆಂದರೆ ಅವಳಿಗೆ ವಾಂತಿ. ಬಂದವಳು ಒಂದೇ ಮಾತು ಹೇಳಿದಳು: "ಇನ್ನು ಈ ಗಾಡಿ ನಾನು ಹತ್ತಲ್ಲ."

ಹತ್ತಲಿಲ್ಲ. ಭಾನುವಾರಗಳು ಬಂದು ಹೋದವು. ದೀಪಾವಳಿಗೆ ನೋಡಿದ ಅಕ್ಕನನ್ನು ಸಂಕ್ರಾಂತಿಯಾದರೂ ನೋಡಲಿಲ್ಲ. ಬಸ್ಸು ಅಕ್ಕನಿಗೂ ಆಗದು, ಹಾಗಾಗಿ ಅಕ್ಕ ತಂಗಿ ಫೋನಿನಲ್ಲೇ ಮಾತಾಡುತ್ತಿದ್ದರು. ಮಾತು ಮುಗಿದ ಮೇಲೆ ಇವಳು ಸುಮ್ಮನೆ ಕಿಟಕಿಯ ಹತ್ತಿರ ಕೂತಿರುತ್ತಿದ್ದಳು. ಅದನ್ನು ನೋಡಿದರೆ ನನಗೆ ಊಟ ರುಚಿಸುತ್ತಿರಲಿಲ್ಲ.

ಅಂಗಡಿ

ಸವಳಂಗ ರಸ್ತೆಯ ಎಲೆಕ್ಟ್ರಿಕ್ ಸ್ಕೂಟರಿನ ಶೋರೂಮಿಗೆ ಹೋಗುವಾಗಲೂ ನಾನು ಬರೀ ನೋಡಿ ಬರೋಣ ಎಂದೇ ಹೆಂಡತಿಯೊಂದಿಗೆ ಆಟೋ ಹತ್ತಿದ್ದೆ. ಷಡ್ಡಕ ನ್ಯಾಯ ಹೇಳಲು ಭದ್ರಾವತಿಯಿಂದ ಬಂದ. ನಾನು ಮೊದಲು ಬೆಲೆ ಕೇಳಿದೆ.

"ಈ ದುಡ್ಡಲ್ಲಿ ನನ್ನದರಂಥ ಹಳೇ ಸ್ಕೂಟರ್ ಒಂದು ಸಾಲು ಬರ್ತಿತ್ತು," ಎಂದೆ.

"ಸರ್, ಇದು ದಾರಿ ತೋರಿಸುತ್ತೆ," ಎಂದ ಸೇಲ್ಸ್‌ಮನ್.

"ಭದ್ರಾವತಿ ದಾರಿ ನನಗೆ ಗೊತ್ತು. ಸ್ಟೆಪ್ನಿ ಎಲ್ಲಿದೆ?"

"ಸ್ಟೆಪ್ನಿ ಬರಲ್ಲ ಸರ್."

ಷಡ್ಡಕ ಬೆರಳಿನಿಂದ ಗಾಡಿಯ ಮೈ ಬಡಿದು ನೋಡಿ, "ಪ್ಲಾಸ್ಟಿಕ್ ಮಾರಾಯ. ಗುಜರಿಯವನೂ ಮುಟ್ಟಲ್ಲ," ಎಂದು ತೀರ್ಪು ಕೊಟ್ಟ. ಭದ್ರಾವತಿ ಎಂದರೆ ಕಬ್ಬಿಣದ ಕಾರ್ಖಾನೆಯ ಊರು, ಅಲ್ಲಿಯವನ ಮಾತಿಗೆ ತೂಕ ಇತ್ತು. ಅವನು ತನ್ನ ಬಸ್ಸಿಗೆ ಹೊರಟುಹೋದ, ನಾನೂ ಹೊರಡಲು ಎದ್ದೆ.

ಅಷ್ಟರಲ್ಲಿ ಹೆಂಡತಿ ಮೆಲ್ಲಗೆ ಬಂದು ಗಾಡಿಯ ಹಿಂದಿನ ಸೀಟಿನ ಮೇಲೆ ಕೂತಳು. ಮಂಡಿ ನೋಯಲಿಲ್ಲ. ಕಾಲಿಡುವ ಮೆಟ್ಟಿಲು ಸಲೀಸಾಗಿ ಸಿಕ್ಕಿತು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು.

"ಇಳಿ, ಹೋಗೋಣ," ಎಂದೆ.

"ಭದ್ರಾವತೀಲಿ ಇಳೀತೀನಿ," ಎಂದಳು.

ನಮ್ಮ ಪೂಜೆ

ಹೀಗೆ ನನ್ನ ಹೊಸ ಗಾಡಿಗೆ ನಾನೇ ಪೂಜೆ ಮಾಡುವ ಕಾಲ ಬಂತು. ಚಕ್ರದಡಿ ನಿಂಬೆಹಣ್ಣಿಟ್ಟು, ಸ್ಕೂಟರ್ ಹತ್ತಿ ಗುಂಡಿ ಒತ್ತಿದೆ. ಸದ್ದಿಲ್ಲ. ಹಳೆಯ ಅಭ್ಯಾಸದಂತೆ ಹೊರಟಿಲ್ಲವೆಂದು ತಿಳಿದು ಹಿಡಿಯನ್ನು ಪೂರ್ತಿ ತಿರುಗಿಸಿದೆ. ನಿಂಬೆಹಣ್ಣು ಪಚಕ್ಕೆಂದಿತು. ಮುಂದಿನ ಕ್ಷಣ ನಾನು ಎದುರಿನ ಹೂವಿನವಳ ಬುಟ್ಟಿಯಲ್ಲಿದ್ದೆ.

ಅವಳು ಸೇವಂತಿಗೆಯನ್ನು ನನ್ನ ತಲೆಯಿಂದ ಒಂದೊಂದಾಗಿ ತೆಗೆಯುತ್ತಾ, "ದಿನಾ ನಾನೇ ತಂದ್ಕೊಡ್ತಿದ್ನಲ್ಲ ಸ್ವಾಮಿ, ಇಷ್ಟೇನು ಅರ್ಜೆಂಟಿತ್ತು?" ಎಂದಳು.

ತಿರುವು

ಆ ಭಾನುವಾರ ಹೇಳದೆ ಕೇಳದೆ ಕಾಗದನಗರಕ್ಕೆ ಹೊರಟೆವು. ತಿರುವು ದಾಟಿದೆವು, ಗೇಟಿನ ಮುಂದೆ ನಿಂತೆವು. ಒಂದು ನಾಯಿಯೂ ಬೊಗಳಲಿಲ್ಲ. ಬಾಗಿಲು ತೆರೆದಿತ್ತು. ಹಿತ್ತಿಲಲ್ಲಿ ಅಕ್ಕ ಪಕ್ಕದ ಮನೆಯಾಕೆಯೊಂದಿಗೆ ಗೋಡೆಯ ಮೇಲಿಂದ ಮಾತಾಡುವುದು ಕೇಳಿಸಿತು.

"ನಮ್ಮ ತಂಗಿ ಗಂಡ ಇದಾನಲ್ಲ ಮಾರಾಯ್ತಿ, ಹೆಂಡ್ತೀನ ದಾರೀಲಿ ಬಿಟ್ಟು ಚೀಲ ತಂದ ಪುಣ್ಯಾತ್ಮ! ಅವನಿಗೆ ಆ ಡಕೋಟ ಗಾಡಿನೇ ದೇವರು. ಅದಕ್ಕೂ ಅವನಿಗೂ ಸೇರಿಸಿ ಒಂದೇ ಸಲ ಆರತಿ ಎತ್ತಬೇಕು."

ಷಡ್ಡಕ ಒಳಗಿನಿಂದ, "ಜಿಪುಣ ಕಣೆ," ಎಂದು ಸೇರಿಸಿದ.

ನಾನು ಗೇಟಿನ ಕಡೆ ತಿರುಗಿದೆ. ಆಮೇಲೆ ಅಕ್ಕನ ದನಿ ಇಳಿಯಿತು. "ಮುಖ ನೋಡಿ ಎಷ್ಟು ದಿನ ಆಯ್ತು. ಅವಳಿಲ್ಲದೆ ನನಗೆ ಭಾನುವಾರ ಬರೋದೇ ಬೇಡ ಅನ್ಸುತ್ತೆ."

ಹೆಂಡತಿಗೆ ತಡೆಯಲಾಗಲಿಲ್ಲ, ನನ್ನನ್ನೂ ಎಳೆದುಕೊಂಡು ಹಿತ್ತಿಲಿಗೇ ಹೋದಳು. "ಅಕ್ಕಾ, ಹಾಲಿಟ್ಟಿಲ್ವಾ?" ಎಂದಳು.

ಅಕ್ಕ ತಿರುಗಿದರು, ತಂಗಿಯನ್ನು ತಬ್ಬಿಕೊಂಡು ಅತ್ತರು, ಅವಳ ಹೆಗಲ ಮೇಲಿಂದ ನನ್ನನ್ನು ನೋಡಿ ಅಳು ನಿಲ್ಲಿಸಿದರು. ಕಾಫಿ ಕುಡಿಯುವಾಗ ಷಡ್ಡಕ ಹೇಳಿದ: "ಏನೇ ಹೇಳು, ಹಳೇ ಗಾಡಿನೇ ಒಳ್ಳೇದಿತ್ತು. ಸದ್ದು ಕೇಳಿದ್ ಕೂಡ್ಲೇ ನಿನ್ನ ವಿಷಯ ನಿಲ್ಲಿಸ್ತಿದ್ವಿ. ಇನ್ಮೇಲೆ ತಿರುವಲ್ಲಿ ಹಾರ್ನ್ ಹೊಡಿ ಮಾರಾಯ."

ಒಪ್ಪಿದೆ. ಮುಂದಿನ ಭಾನುವಾರ ತಿರುವಿಗೆ ಬಂದು ಹಾರ್ನ್ ಒತ್ತಲು ಹೆಬ್ಬೆರಳು ಎತ್ತಿದೆ. ಹೆಂಡತಿ ಹಿಂದಿನಿಂದ ಹೆಗಲು ಹಿಡಿದಳು.

"ಹೊಡೀಬೇಡಿ. ಹೋದ ವಾರ ನಿಮ್ಮದಾಯ್ತು. ಈಗ ನನ್ನ ವಿಷಯ ಏನ್ ಮಾತಾಡ್ತಾರೆ ಕೇಳ್ಬೇಕು."