ಸ್ನಾನದ ನೀರಿನ ಬದನೆಕಾಯಿ

ಗಡಿಯಾರ ರಿಪೇರಿಯವನ ಹೆಂಡತಿ ಬೆಳಗ್ಗೆ ಕಾಂಪೌಂಡಿನ ಮೇಲಿಂದ ಪಕ್ಕದ ಮನೆಯ ಟೀಚರಮ್ಮನಿಗೆ ನಾಲ್ಕು ಬದನೆಕಾಯಿ ಕೊಡುತ್ತ, ಬಾಯಿ ಸುಮ್ಮನಿರದೆ, "ಎಲ್ಲಾ ನಮ್ಮೆಜಮಾನ್ರ ಸ್ನಾನದ ನೀರಿನ ಮಹಿಮೆ ಕಣ್ರೀ" ಎಂದುಬಿಟ್ಟಳು.

ಟೀಚರಮ್ಮ ಸತ್ತ ಇಲಿಯ ಬಾಲ ಹಿಡಿದಂತೆ ಬದನೆಕಾಯಿಯ ತೊಟ್ಟು ಹಿಡಿದರು. "ಹಾಗಾದ್ರೆ ಇಷ್ಟು ದಿನ ನಾವು ತಿಂದಿದ್ದು?"

"ಅದೂ ಅದೇ."

ಗಡಿಯಾರದವ ಹಲ್ಲುಜ್ಜಿ ಮುಗಿಸುವಷ್ಟರಲ್ಲಿ ಸುದ್ದಿ ಬೀದಿಯ ಕೊನೆ ಮುಟ್ಟಿತ್ತು. ಬಚ್ಚಲ ನೀರು ಜಲ್ಲಿ, ಇದ್ದಿಲು, ಮರಳು ತುಂಬಿದ ಮೂರು ಡ್ರಮ್ಮು ದಾಟಿ, ಕೊನೆಯ ಖಾಲಿ ಡ್ರಮ್ಮಿನಲ್ಲಿ ತುಂಬಿ ಗಿಡದ ಬುಡ ಸೇರುವಂತೆ ಮಾಡಲು ಬಡಪಾಯಿ ಎರಡು ವರ್ಷ ತಲೆ ಕೆಡಿಸಿಕೊಂಡಿದ್ದ. ಬೆಳೆದದ್ದನ್ನು ಬೀದಿಗೆಲ್ಲ ಹಂಚಿ ಹಿಗ್ಗಿದ್ದ. ಈಗ ಅದೇ ಬೀದಿ ಗೇಟಿಗೆ ಬಂದು ನಿಂತಿತ್ತು.

"ವಾರದಿಂದ ಹೊಟ್ಟೆನೋವು. ಎಲ್ಲಾ ನಿನ್ನ ಸೋಪಿಂದೇ ಕಣಯ್ಯಾ!" ಎಂದರು ನಿವೃತ್ತ ಪೋಸ್ಟ್‌ಮಾಸ್ತರರು.

"ನಾವೂ ಅದನ್ನೇ ತಿಂತೀವಲ್ಲ ಸಾರ್?"

"ನಿಮ್ಮ ಕೊಳೆ, ನೀವು ತಿನ್ನಿ! ನಮಗ್ಯಾಕೆ?"

ಗಡಿಯಾರದವನ ಕಣ್ಣಲ್ಲಿ ನೀರಾಡಿತು. ಅಂಗಡಿಗೆ ಬೀಗ ಹಾಕಿ, ಬಿಸಿಲಲ್ಲಿ ಓಡಿ, ನೀರಿನ ಇಲಾಖೆಯ ಇನ್ಸ್‌ಪೆಕ್ಟರರ ಕಾಲು ಹಿಡಿಯುವುದೊಂದು ಬಾಕಿ ಎಂಬಂತೆ ಬೇಡಿ ಕರೆತಂದ.

ಇನ್ಸ್‌ಪೆಕ್ಟರು ಕೊನೆಯ ಡ್ರಮ್ಮಿನ ನೀರನ್ನು ಶೀಶೆಗೆ ತುಂಬಿ, ಹನಿ ಔಷಧ ಬಿಟ್ಟು, ಬೆಳಕಿಗೆ ಹಿಡಿದರು. ಬೀದಿ ಕತ್ತು ಉದ್ದ ಮಾಡಿತು.

"ಕುಡಿಯೋಕಲ್ಲ. ಗಿಡದ ಬುಡಕ್ಕೆ ಏನೂ ತೊಂದರೆಯಿಲ್ಲ. ಕಾಯಿ ತೊಳೆದು ಬೇಯಿಸಿ ತಿನ್ನಿ."

ಗಡಿಯಾರದವನ ಎದೆ ಪೂರಿಯಂತೆ ಉಬ್ಬಿತು. ಒಂದೇ ನಿಮಿಷ.

"ಮತ್ತೆ ನನ್ನ ಹೊಟ್ಟೆನೋವು?" ಎಂದರು ಪೋಸ್ಟ್‌ಮಾಸ್ತರರು. ಇನ್ಸ್‌ಪೆಕ್ಟರು ಅವರ ಮನೆಯ ನಲ್ಲಿಯ ನೀರನ್ನೂ ಶೀಶೆಗೆ ತುಂಬಿ ನೋಡಿ ಹುಬ್ಬು ಗಂಟಿಕ್ಕಿದರು. "ಪೈಪು ಒಡೆದು ಚರಂಡಿ ನೀರು ಸೇರಿಕೊಂಡಿದೆ. ರಿಪೇರಿ ಆಗೋವರೆಗೆ ಎಂಟು ದಿನ ಇಡೀ ಬೀದಿಗೆ ನಲ್ಲಿ ಬಂದ್. ಕುಡಿಯೋಕೆ ಟ್ಯಾಂಕರ್ ಬರುತ್ತೆ, ಮನೆಗೊಂದೇ ಕೊಡ."

ಇನ್ಸ್‌ಪೆಕ್ಟರರ ಬೆನ್ನು ಮರೆಯಾಗುತ್ತಲೇ ಎಲ್ಲರ ಕಣ್ಣೂ ಗಡಿಯಾರದವನತ್ತ ತಿರುಗಿತು. "ಆ ಮನುಷ್ಯನ್ನ ಕರ್ಕೊಂಡು ಬಂದಿದ್ದು ಯಾರು?"

ಸಂಜೆ ಬಾಗಿಲು ಬಡಿದ ಸದ್ದು. ಎರಡು ಬಕೆಟ್ ಹಿಡಿದ ಟೀಚರಮ್ಮ. "ಅಣ್ಣಾ, ಕಕ್ಕಸಿಗೆ ಒಂದು ತೊಟ್ಟು ನೀರಿಲ್ಲ. ನಿಮ್ಮ ಡ್ರಮ್ಮಿಂದ..."

ಅವರ ಹಿಂದೆ ಬೀದಿಗೆ ಬೀದಿಯೇ ಸಾಲು ನಿಂತಿತ್ತು. ಪೋಸ್ಟ್‌ಮಾಸ್ತರರು ಮುಂದೆ ನಿಂತು, "ಮನೆಗೆ ಎರಡೇ ಬಕೆಟ್!" ಎಂದು ಗದರಿಸುತ್ತಿದ್ದರು. ಗಡಿಯಾರದವ ಬಕೆಟ್ ಮೇಲೆ ಬಕೆಟ್ ತುಂಬಿಕೊಟ್ಟ. ಕೊನೆಗೆ ಅವನು ಗಿಡಕ್ಕೆಂದು ಚೊಂಬು ಹಿಡಿದು ಹೋದಾಗ ಡ್ರಮ್ಮಿನ ತಳ ಕಾಣುತ್ತಿತ್ತು; ಅವನ ಬಚ್ಚಲ ನಲ್ಲಿಯೂ ಒಣಗಿತ್ತು.

ಪೋಸ್ಟ್‌ಮಾಸ್ತರರು ಅವನ ಹೆಗಲ ಮೇಲೆ ಅಕ್ಕರೆಯಿಂದ ಕೈಯಿಟ್ಟರು.

"ನಾಳೆಯಿಂದ ಎರಡು ಸಲ ಸ್ನಾನ ಮಾಡಯ್ಯಾ. ಇಷ್ಟು ಜನಕ್ಕೆ ಸಾಲಬೇಡ್ವಾ?"